ಫೋನು ಕಿತ್ತುಕೊಳ್ಳುವ ಮುನ್ನ

"ಇನ್ನೊಂದ್ಸಲ ಹೀಗೆ ಮಾಡಿದ್ರೆ ಫೋನ್ ಕಿತ್ಕೊಂಡ್ ಬಿಡ್ತೀನಿ ನೋಡು!" ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಶಿವಮೊಗ್ಗ, ಭದ್ರಾವತಿಯ ಕ್ರೈಸ್ತ ಮನೆಗಳೂ ಇದಕ್ಕೆ ಹೊರತಲ್ಲ. ಹಾಗೆ ಹೇಳುವ ಅಪ್ಪ ಅಮ್ಮಂದಿರ ಕಾಳಜಿಯ ಬಗ್ಗೆ ಅನುಮಾನವಿಲ್ಲ. ಆದರೆ ಈ ಬೆದರಿಕೆಯಿಂದ ಮಕ್ಕಳು ಕಲಿಯುವುದು ಫೋನಿನಲ್ಲಿ ಏನಾದರೂ ಎಡವಟ್ಟಾದರೆ ಮನೆಯಲ್ಲಿ ಬಾಯಿ ಬಿಡಬಾರದು ಎಂಬುದನ್ನು. ಆನ್‌ಲೈನಿನಲ್ಲಿ ಮಕ್ಕಳನ್ನು ಹೆದರಿಸಿ ದುಡ್ಡು ಕೀಳುವವರ ವ್ಯವಹಾರವೆಲ್ಲ ನಡೆಯುವುದು ಮಕ್ಕಳು ಹೀಗೆ ಬಾಯಿ ಮುಚ್ಚಿಕೊಂಡಿರುವುದರಿಂದಲೇ.

ಸೆಟ್ಟಿಂಗ್‌ಗಳು ಬೇಕು, ನಿಯಮಗಳೂ ಬೇಕು. ಮುಂದೆ ಅವನ್ನು ವಿವರವಾಗಿ ಹೇಳುತ್ತೇನೆ. ಅವೆಲ್ಲಕ್ಕಿಂತ ಮೊದಲು, ಮಗನೋ ಮಗಳೋ ರಾತ್ರಿ ಹನ್ನೊಂದು ಗಂಟೆಗೆ ನಡುಗುತ್ತಾ ಬಂದು "ಅಮ್ಮಾ, ಒಂದು ತಪ್ಪಾಗಿದೆ" ಎಂದು ಹೇಳಬಲ್ಲಂಥ ಮನೆ ನಮ್ಮದಾಗಬೇಕು. ಭಾನುವಾರದ ಪೂಜೆಯಲ್ಲಿ, ಆರಾಧನೆಯಲ್ಲಿ ಕ್ಷಮೆಯ ಬಗ್ಗೆ ಕೇಳಿಸಿಕೊಂಡು ಬರುವ ನಾವು ಅದನ್ನು ಮಕ್ಕಳ ಜೊತೆ ನಡೆದು ತೋರಿಸಬೇಕಾದ ಜಾಗಗಳಲ್ಲಿ ಇವತ್ತು ಫೋನೂ ಒಂದು.

ನಮ್ಮ ಊರುಗಳ ಸ್ಥಿತಿಯನ್ನೂ ನೋಡಬೇಕು. ಶಿವಮೊಗ್ಗ ಕಥೋಲಿಕ ಧರ್ಮಪ್ರಾಂತ್ಯ 1988ರಲ್ಲಿ ಚಿಕ್ಕಮಗಳೂರಿನಿಂದ ಬೇರೆಯಾಯಿತು. ಸಿರೋ ಮಲಬಾರ್ ಸಭೆಯ ಭದ್ರಾವತಿ ಧರ್ಮಪ್ರಾಂತ್ಯ ಬಂದಿದ್ದು 2007ರಲ್ಲಿ. ಸಿ.ಎಸ್.ಐ. ಸಭೆಗಳಿವೆ, ಬೇರೆ ಸಣ್ಣ ಸಭೆಗಳೂ ಇವೆ. ಕಬ್ಬಿಣದ ಕಾರ್ಖಾನೆ, ಕಾಗದ ಕಾರ್ಖಾನೆಗಳ ಕೆಲಸಕ್ಕೆಂದು ನಾನಾ ಕಡೆಯಿಂದ ಜನ ಬಂದು ನೆಲೆಸಿದ ಭದ್ರಾವತಿಯಲ್ಲಿ ಕನ್ನಡ, ಕೊಂಕಣಿ, ತಮಿಳು, ಮಲಯಾಳಂ ಮಾತಾಡುವ ಕ್ರೈಸ್ತ ಮನೆಗಳು ಒಂದರ ಪಕ್ಕ ಒಂದಿವೆ. ಎಷ್ಟೇ ಪಂಥಗಳಿದ್ದರೂ ಸಮುದಾಯ ಚಿಕ್ಕದು, ಎಲ್ಲರಿಗೂ ಎಲ್ಲರ ಪರಿಚಯ. ಇದರಿಂದ ಅನುಕೂಲವೂ ಉಂಟು, ಕಷ್ಟವೂ ಉಂಟು. ಮಗುವಿಗೆ ತೊಂದರೆಯಾದಾಗ ತಂದೆತಾಯಿಗೆ ಮೊದಲು ಬರುವ ಯೋಚನೆ "ಚರ್ಚಿನಲ್ಲಿ ಏನಂತಾರೋ" ಎಂಬುದು. ಎಷ್ಟೋ ಮನೆಗಳಲ್ಲಿ ಅಪ್ಪ ಗಲ್ಫ್‌ನಲ್ಲಿ, ಅಮ್ಮನಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಮಕ್ಕಳನ್ನು ನೋಡಿಕೊಳ್ಳುವವರು ಅಜ್ಜಿ. ಅಂಥ ಮನೆಯಲ್ಲಿ ಅಪ್ಪನ ಮುಖ ಕಾಣುವುದೂ ಅದೇ ಫೋನಿನಲ್ಲಿ. ಫೋನೇ ಬೇಡ ಎಂದುಬಿಡುವುದು ಅಲ್ಲಿ ಆಗುವ ಮಾತಲ್ಲ. 2020ರ ಲಾಕ್‌ಡೌನಿನ ನಂತರ ಹೋಮ್‌ವರ್ಕು, ನೋಟ್ಸು, ಟ್ಯೂಷನ್ನಿನ ಸೂಚನೆಗಳೆಲ್ಲ ವಾಟ್ಸಾಪ್ ಗ್ರೂಪಿಗೆ ಸೇರಿಹೋಗಿವೆ. ಹಾಗಾಗಿ ಫೋನನ್ನು ಹೇಗೆ ಕೊಡಬೇಕು ಎಂಬುದರತ್ತ ಗಮನ ಹರಿಸೋಣ.

ಮೊದಲು ಹುಟ್ಟಿದ ವರ್ಷ ನೋಡಿ

ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸಾಪ್ ಬಳಸಲು ಕನಿಷ್ಠ 13 ವರ್ಷ ಆಗಿರಬೇಕು. ಆರನೇ ಕ್ಲಾಸಿನ ಮಕ್ಕಳು ಹುಟ್ಟಿದ ವರ್ಷವನ್ನು ಎಷ್ಟೋ ವರ್ಷ ಹಿಂದಕ್ಕೆ ತಳ್ಳಿ ಖಾತೆ ತೆರೆಯುತ್ತಾರೆ. ಹಲವು ಸಲ ಖಾತೆ ಮಾಡಿಕೊಡುವವರು ಅಣ್ಣನೋ ಅಕ್ಕನೋ ಆಗಿರುತ್ತಾರೆ. ಇದು ಸಣ್ಣ ಸುಳ್ಳಿನಂತೆ ಕಂಡರೂ ಅದರ ಪರಿಣಾಮ ದೊಡ್ಡದು. ಇನ್‌ಸ್ಟಾಗ್ರಾಂ 2025ರ ಫೆಬ್ರುವರಿಯಲ್ಲಿ ಭಾರತದಲ್ಲೂ ಹದಿಹರೆಯದವರಿಗೆ ಟೀನ್ ಅಕೌಂಟ್ ತಂದಿತು. ಅದರಲ್ಲಿ ಖಾತೆ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, ಗುರುತಿಲ್ಲದವರು ಮೆಸೇಜ್ ಕಳಿಸಲಾಗುವುದಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಬರುವುದಿಲ್ಲ. 16 ತುಂಬದವರು ಇವನ್ನು ಸಡಿಲಿಸಬೇಕಾದರೆ ಪೋಷಕರು ಒಪ್ಪಬೇಕು. ಆದರೆ ಖಾತೆಯಲ್ಲಿ ಮಗುವಿನ ವಯಸ್ಸು 21 ಎಂದಿದ್ದರೆ ಇವುಗಳಲ್ಲಿ ಒಂದೂ ಅನ್ವಯಿಸುವುದಿಲ್ಲ. ಕಂಪನಿಯ ಲೆಕ್ಕದಲ್ಲಿ ನಿಮ್ಮ ಮಗಳು ದೊಡ್ಡವಳು.

ಆದ್ದರಿಂದ ಮಗುವಿನ ಜೊತೆ ಕೂತು, ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಸೆಂಟರ್, ಅದರೊಳಗೆ ಪರ್ಸನಲ್ ಡೀಟೇಲ್ಸ್ ತೆರೆದು, ಬರ್ತ್‌ಡೇ ಏನಿದೆ ನೋಡಿ. ತಪ್ಪಿದ್ದರೆ ಸರಿಪಡಿಸಿ. 13 ಆಗಿರದಿದ್ದರೆ ಖಾತೆ ಸದ್ಯಕ್ಕೆ ಬೇಡ ಎಂದು ಹೇಳುವುದೇ ಸರಿ. ಕಾರಣವನ್ನೂ ಹೇಳಿ. ಧರ್ಮೋಪದೇಶದ ತರಗತಿಯಲ್ಲಿ ಸುಳ್ಳು ಹೇಳಬಾರದು ಎಂದು ಕಲಿಸಿ, ಮನೆಯಲ್ಲಿ ನಾವೇ ಸುಳ್ಳು ವಯಸ್ಸು ಬರೆದುಕೊಟ್ಟರೆ ಮಕ್ಕಳು ಯಾವುದನ್ನು ನಂಬಬೇಕು?

ವಾಟ್ಸಾಪ್‌ನ ಪ್ರೈವೆಸಿಯಲ್ಲಿ ಗ್ರೂಪ್ಸ್ ಎಂಬಲ್ಲಿ ಮೈ ಕಾಂಟ್ಯಾಕ್ಟ್ಸ್ ಆಯ್ಕೆ ಮಾಡಿದರೆ ಯಾರೋ ಅಪರಿಚಿತರು ಮಗುವನ್ನು ಗುಂಪಿಗೆ ಸೇರಿಸಲಾಗದು. ಪ್ರೊಫೈಲ್ ಫೋಟೋಗೂ ಅದನ್ನೇ ಮಾಡಿ. ಅಲ್ಲೇ ಕಾಲ್ಸ್ ಎಂಬಲ್ಲಿ ಅಪರಿಚಿತರ ಕರೆ ಸದ್ದು ಮಾಡದಂತೆ ಇಡಬಹುದು. ಆಂಡ್ರಾಯ್ಡ್ ಫೋನಿಗೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಉಚಿತವಾಗಿ ಸಿಗುತ್ತದೆ: ಹೊಸ ಆ್ಯಪ್ ಹಾಕುವ ಮುನ್ನ ನಿಮ್ಮ ಒಪ್ಪಿಗೆ ಕೇಳುತ್ತದೆ, ದಿನದ ಸಮಯಕ್ಕೆ ಮಿತಿ ಹಾಕುತ್ತದೆ. ಐಫೋನಿನಲ್ಲಿ ಸ್ಕ್ರೀನ್ ಟೈಮ್ ಇದೆ. ಮಗು ಆಟ ಆಡುವುದು ನಿಮ್ಮದೇ ಫೋನಿನಲ್ಲಾದರೆ ಪ್ಲೇ ಸ್ಟೋರಿನಲ್ಲಿ ಪರ್ಚೇಸ್ ವೆರಿಫಿಕೇಶನ್ ಹಾಕಿ, ಯುಪಿಐ ಪಿನ್ ಮಗುವಿಗೆ ಗೊತ್ತಿಲ್ಲದಂತೆ ನೋಡಿಕೊಳ್ಳಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಸಂಸತ್ತು ಕಾಯ್ದೆ ತಂದು ನಿಷೇಧಿಸಿದೆ. ಆದರೂ ಟೆಲಿಗ್ರಾಂ ಮೂಲಕ ಬರುವ ಲಿಂಕುಗಳ ಬಗ್ಗೆ ಮಕ್ಕಳಿಗೆ ಹೇಳಿರಬೇಕು.

ಇವನ್ನು ಕದ್ದುಮುಚ್ಚಿ ಮಾಡಬೇಡಿ. ಮಗು ಮಲಗಿದಾಗ ಬೆರಳೊತ್ತಿ ಫೋನು ತೆರೆದು ಚಾಟ್ ಓದುವ ಪೋಷಕರಿದ್ದಾರೆ. ಗೊತ್ತಾದ ದಿನ ನಂಬಿಕೆ ಮುರಿಯುತ್ತದೆ, ಮರುದಿನ ಎರಡನೇ ಖಾತೆ ಹುಟ್ಟುತ್ತದೆ. ಏನನ್ನು ನೋಡುತ್ತೀರಿ, ಏನನ್ನು ನೋಡುವುದಿಲ್ಲ ಎಂದು ಮೊದಲೇ ಹೇಳಿ. ಹದಿಮೂರರ ಮಗುವಿಗೆ ಇರುವ ನಿಗಾ ಹದಿನೇಳರ ಮಗುವಿಗೆ ಇರಬಾರದು. ವರ್ಷ ವರ್ಷ ಕೂತು ಮಾತಾಡಿ ಸಡಿಲಿಸುತ್ತಾ ಹೋಗಬೇಕು.

ರಾತ್ರಿಯ ಫೋನು

ಒಂದೇ ಒಂದು ನಿಯಮ ಮಾಡಲು ಸಾಧ್ಯ ಎಂದಾದರೆ ನಾನು ಮಾಡುವುದು ಇದನ್ನು: ರಾತ್ರಿ ಫೋನು ಮಲಗುವ ಕೋಣೆಗೆ ಹೋಗಬಾರದು. ಬೆದರಿಕೆ, ಅಶ್ಲೀಲ ವಿಡಿಯೋ ಕರೆ, ಮುಗಿಯದ ರೀಲ್ಸ್, ನಿದ್ದೆಗೆಟ್ಟು ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಕೆ, ಇವುಗಳಲ್ಲಿ ಹೆಚ್ಚಿನವು ಶುರುವಾಗುವುದು ಬಾಗಿಲು ಹಾಕಿದ ಕೋಣೆಯಲ್ಲಿ, ಹತ್ತರ ನಂತರ.

ನಮ್ಮ ಮನೆಗಳಲ್ಲಿ ಇದಕ್ಕೆ ತಕ್ಕ ಜಾಗವೂ ಇದೆ, ಹೊತ್ತೂ ಇದೆ. ಹಾಲ್‌ನಲ್ಲಿ ಶಿಲುಬೆ, ಯೇಸುವಿನ ಪವಿತ್ರ ಹೃದಯದ ಚಿತ್ರ, ಸಣ್ಣ ದೀಪ ಇರುವ ಪೀಠ ಕಥೋಲಿಕರ ಮನೆಗಳಲ್ಲಿ ಸಾಮಾನ್ಯ. ಕೊಂಕಣಿ ಮನೆಗಳಲ್ಲಿ ಸಂಜೆಯ ತೇರ್ಸ್, ಉಳಿದವರಲ್ಲಿ ಜಪಸರ ಅಥವಾ ಕುಟುಂಬ ಪ್ರಾರ್ಥನೆ ಅಲ್ಲೇ ನಡೆಯುತ್ತದೆ. ಆ ಪೀಠದ ಹತ್ತಿರದ ಮೇಜಿನ ಮೇಲೆ ನಾಲ್ಕು ಪ್ಲಗ್ಗಿನ ಎಕ್ಸ್‌ಟೆನ್ಶನ್ ಬೋರ್ಡ್ ಇಡಿ. ಪ್ರಾರ್ಥನೆಗೆ ಕೂರುವ ಮುನ್ನ ಎಲ್ಲರ ಫೋನೂ ಚಾರ್ಜಿಗೆ ಅಲ್ಲಿಗೆ ಬರಲಿ. ಓದುವ ಮಕ್ಕಳಿಗೆ ಬೇಕಿದ್ದರೆ ಊಟದ ನಂತರ ಅರ್ಧ ಗಂಟೆ ಹಾಲ್‌ನಲ್ಲೇ ಕೂತು ನೋಟ್ಸ್ ನೋಡಿಕೊಳ್ಳಲಿ, ಹತ್ತಕ್ಕೆ ಮತ್ತೆ ಮೇಜಿಗೆ ಬರಲಿ. "ಅಲಾರಂಗೆ ಬೇಕು" ಎನ್ನುತ್ತಾರೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಅಲಾರಂ ಗಡಿಯಾರ ಕೊಂಡುಕೊಡಿ.

ಎಲ್ಲರ ಫೋನೂ ಎಂದೆ. ಅಪ್ಪನ ಫೋನೂ ಅಲ್ಲಿರಬೇಕು. ಗಲ್ಫ್‌ನಿಂದ ತಡವಾಗಿ ಕರೆ ಬರುವ ಮನೆಗಳಲ್ಲಿ ಒಂದು ಫೋನಿನ ಸದ್ದು ಮಾತ್ರ ಆನ್ ಇಟ್ಟು, ಕರೆ ಬಂದಾಗ ಎಲ್ಲರೂ ಹಾಲ್‌ಗೆ ಬಂದು ಮಾತಾಡಬಹುದು. ಜಪಸರ ಹೇಳುತ್ತಲೇ ಅಮ್ಮ ವಾಟ್ಸಾಪ್ ನೋಡಿದರೆ ಈ ನಿಯಮ ಎರಡನೇ ದಿನಕ್ಕೇ ಮುಗಿಯಿತು. ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲ ತಂದೆಯರಿಗೆ ಕೊಡುವ ಎಚ್ಚರಿಕೆ, ಮಕ್ಕಳನ್ನು ಕೆರಳಿಸಬೇಡಿ ಎಂಬುದು. ತಮಗೊಂದು ಕಾನೂನು, ದೊಡ್ಡವರಿಗೆ ಇನ್ನೊಂದು ಎಂದು ಗೊತ್ತಾದಾಗ ಮಕ್ಕಳು ಕೆರಳುವಷ್ಟು ಬೇರೆ ಯಾವುದಕ್ಕೂ ಕೆರಳುವುದಿಲ್ಲ.

ತಪಸ್ಸುಕಾಲ ಬಂದಾಗ ಶುಕ್ರವಾರ ರೀಲ್ಸ್ ಬಿಡುವ ಉಪವಾಸವನ್ನು ಈಗ ಕೆಲವರು ಮಾಡುತ್ತಾರೆ. ಒಳ್ಳೆಯದೇ. ಆದರೆ ಮಗು ತಾನಾಗಿ ಬಿಟ್ಟರೆ ಮಾತ್ರ ಅದು ಉಪವಾಸ; ನಾವು ಕಿತ್ತಿಟ್ಟರೆ ಅದು ಶಿಕ್ಷೆ.

ಮಕ್ಕಳಿಗೆ ಹೇಳಲು ಒಂದು ನಿಜವಾದ ಉದಾಹರಣೆಯೂ ಇದೆ. ಕಾರ್ಲೊ ಅಕುಟಿಸ್ 1991ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಇಟಲಿಯ ಮಿಲಾನಿನಲ್ಲಿ ಬೆಳೆದ ಹುಡುಗ. ಕಂಪ್ಯೂಟರ್ ಎಂದರೆ ಪ್ರಾಣ. ಪರಮಪ್ರಸಾದದ ಪವಾಡಗಳನ್ನು ಒಂದೆಡೆ ಸೇರಿಸಿ ವೆಬ್‌ಸೈಟ್ ಮಾಡಿದ್ದ. ವಿಡಿಯೋ ಗೇಮೂ ಆಡುತ್ತಿದ್ದ, ಆದರೆ ವಾರಕ್ಕೆ ಒಂದೇ ಗಂಟೆ ಎಂದು ತಾನೇ ಮಿತಿ ಹಾಕಿಕೊಂಡಿದ್ದ. 2006ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವನಿಗೆ ಹದಿನೈದು. 2025ರ ಸೆಪ್ಟೆಂಬರ್ 7ರಂದು ಹದಿನಾಲ್ಕನೆಯ ಲಿಯೋ ಜಗದ್ಗುರುಗಳು ಅವನನ್ನು ಸಂತನೆಂದು ಘೋಷಿಸಿದರು. ಇವನ ಕಥೆಯನ್ನು "ನೋಡು, ಅವನು ಹಾಗಿದ್ದ, ನೀನು ಹೀಗಿದ್ದೀಯ" ಎಂದು ಮಾತ್ರ ಹೇಳಬೇಡಿ. ಅವನು ಏನನ್ನೋ ಕಟ್ಟಲು ಕಂಪ್ಯೂಟರ್ ಬಳಸಿದ ಎಂಬುದನ್ನು ಹಿಡಿಯಿರಿ. ವಿಡಿಯೋ ಎಡಿಟ್ ಮಾಡುವ ಮಗನಿಗೆ ಧರ್ಮಕೇಂದ್ರದ ಹಬ್ಬದ ವಿಡಿಯೋ ಮಾಡುವ ಕೆಲಸ ಕೊಡಿಸಿ. ಕೀಬೋರ್ಡ್ ಕಲಿಯುತ್ತಿರುವ ಮಗಳನ್ನು ಗಾಯನವೃಂದಕ್ಕೆ ಸೇರಿಸಿ. ರಜೆಯ ಬೆಳಿಗ್ಗೆ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ನೋಡಿ ಗಾಜನೂರಿನ ಕಡೆ ಸುತ್ತಾಡಿ ಬಂದರೆ, ಯಾರೂ ಹೇಳದೆಯೇ ಅರ್ಧ ದಿನ ಫೋನು ಜೇಬಿನಲ್ಲಿ ಉಳಿಯುತ್ತದೆ.

ಮಾತು ಹೇಗೆ ತೆಗೆಯುವುದು

ಲೂಕನ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ ಹನ್ನೆರಡು ವರ್ಷದ ಯೇಸು ಜೆರುಸಲೇಮಿನಲ್ಲೇ ಉಳಿದುಬಿಡುವ ಪ್ರಸಂಗ ಬರುತ್ತದೆ. ಮಗ ಜೊತೆಯವರ ಗುಂಪಿನಲ್ಲೇ ಎಲ್ಲೋ ಇದ್ದಾನೆ ಎಂದುಕೊಂಡು ಮರಿಯಮ್ಮ ಮತ್ತು ಜೋಸೆಫರು ಒಂದು ದಿನದ ದಾರಿ ನಡೆದುಬಿಟ್ಟಿರುತ್ತಾರೆ. ಮಗ ಪಕ್ಕದ ಕೋಣೆಯಲ್ಲೇ ಇದ್ದಾನೆ ಎಂದು ಸಮಾಧಾನವಾಗಿರುವ ಇಂದಿನ ಪೋಷಕರಿಗೆ ಇದು ಚೆನ್ನಾಗಿ ಅರ್ಥವಾಗಬೇಕು. ಮೂರು ದಿನದ ನಂತರ ಸಿಕ್ಕಾಗ ತಾಯಿ ಮೊದಲು ಕೇಳಿದ್ದು ಒಂದು ಪ್ರಶ್ನೆ: ಯಾಕೆ ಹೀಗೆ ಮಾಡಿದೆ ಎಂದು. ತಮಗಾದ ಆತಂಕವನ್ನೂ ಹೇಳಿಕೊಂಡಳು. ಮಗ ಕೊಟ್ಟ ಉತ್ತರ ಆಗ ಅವರಿಗೆ ಅರ್ಥವಾಗಲಿಲ್ಲ. ಆದರೂ ಕೇಳಿಸಿಕೊಂಡರು, ಜೊತೆಯಲ್ಲೇ ಮನೆಗೆ ಕರೆತಂದರು.

ನಾವೂ ಕೇಳಬೇಕು. ಆದರೆ "ಫೋನಲ್ಲಿ ಏನ್ ಮಾಡ್ತಿದೀಯಾ?" ಎಂದು ಕೇಳಿದರೆ "ಏನಿಲ್ಲ" ಎಂಬ ಉತ್ತರ ಬರುತ್ತದೆ. ಎದುರು ಕೂರಿಸಿ ವಿಚಾರಣೆ ನಡೆಸುವುದಕ್ಕಿಂತ, ಬೈಕಿನಲ್ಲಿ ಟ್ಯೂಷನ್ನಿಗೆ ಬಿಡುವಾಗ, ಬಟ್ಟೆ ಮಡಚುವಾಗ, ಚಪಾತಿ ಲಟ್ಟಿಸುವಾಗ ಮಾತು ಸಲೀಸು.

"ನಿಮ್ಮ ಕ್ಲಾಸಲ್ಲಿ ಯಾರಿಗಾದ್ರೂ ಗೊತ್ತಿಲ್ದೇ ಇರೋರು ಮೆಸೇಜ್ ಮಾಡಿ ತೊಂದ್ರೆ ಕೊಟ್ಟಿದಾರಾ ಮಗಾ?"

"ಒಬ್ಬನಿಗೆ ಮಾಡಿದ್ರಂತೆ."

"ಆಮೇಲೆ ಅವನು ಯಾರಿಗೆ ಹೇಳ್ದ?"

"ಯಾರಿಗೂ ಹೇಳಿಲ್ಲ ಅಮ್ಮಾ. ಮನೇಲಿ ಹೊಡೀತಾರೆ ಅಂತ."

"ನಿಂಗೆ ಹಂಗೇನಾದ್ರೂ ಆದ್ರೆ ನೀನು ನಂಗೆ ಹೇಳು. ತಪ್ಪು ನಿಂದೇ ಆಗಿದ್ರೂ ಹೇಳು. ಹೇಳಿದ್ದಕ್ಕೆ ಫೋನ್ ಕಿತ್ಕೊಳ್ಳಲ್ಲ, ಬಯ್ಯಲ್ಲ. ಮೊದ್ಲು ಇಬ್ರೂ ಸೇರಿ ಸರಿ ಮಾಡೋಣ."

ಕೊನೆಯ ಮಾತನ್ನು ಮಕ್ಕಳು ನಂಬಬೇಕಾದರೆ ಸಣ್ಣ ವಿಷಯಗಳಲ್ಲಿ ನಾವು ಅದನ್ನು ಉಳಿಸಿಕೊಂಡಿರಬೇಕು. ಟೆಸ್ಟಿನ ಅಂಕ ಕಡಿಮೆ ಬಂತು ಎಂದು ತಾನಾಗಿ ಹೇಳಿದ ಮಗುವಿಗೆ ಬೆತ್ತ ತೋರಿಸಿದ ಮನೆಯಲ್ಲಿ ನಗ್ನ ಫೋಟೋದ ವಿಷಯ ಹೊರಗೆ ಬರುವುದಿಲ್ಲ.

ಹೇಳಲೇಬೇಕಾದ ಇನ್ನೊಂದು ವಿಷಯ ಧರ್ಮದ ಹೆಸರಿನ ಜಗಳ. ನಮ್ಮ ಮಕ್ಕಳು ಕಾಮೆಂಟುಗಳಲ್ಲಿ ಯೇಸುವಿನ ಬಗ್ಗೆ, ಚರ್ಚುಗಳ ಬಗ್ಗೆ ಕೆಟ್ಟ ಮಾತುಗಳನ್ನು ಓದುತ್ತಾರೆ. ರಕ್ತ ಕುದಿದು ಅದೇ ಭಾಷೆಯಲ್ಲಿ ಉತ್ತರ ಬರೆಯುತ್ತಾರೆ. ಬೇರೆ ಧರ್ಮವನ್ನು ಹೀಯಾಳಿಸುವ ಮೀಮ್ ಫಾರ್ವರ್ಡ್ ಮಾಡುವವರೂ ನಮ್ಮಲ್ಲಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 299ನೇ ಕಲಮುಗಳು ಇಂಥದ್ದಕ್ಕೇ ಇವೆ. 18 ತುಂಬದಿದ್ದರೂ ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾಗಬಹುದು. ಕಾನೂನಿಗಿಂತ ಹೆಚ್ಚಾಗಿ, ಪಕ್ಕದ ಬೆಂಚಿನ ಗೆಳೆಯನಿಗೆ ನೋವಾಗುತ್ತದೆ. ಉತ್ತರಿಸದೆ ರಿಪೋರ್ಟ್ ಮಾಡುವುದು, ಮನೆಯಲ್ಲಿ ಹೇಳುವುದು, ಇಷ್ಟನ್ನು ಕಲಿಸಿ. "ಹನ್ನೆರಡು ಜನರಿಗೆ ಕಳಿಸದಿದ್ದರೆ ಕೇಡಾಗುತ್ತದೆ" ಎಂಬ ಪ್ರಾರ್ಥನೆಯ ಸರಪಳಿ, ಜಗದ್ಗುರುಗಳ ಮುಖ ಧ್ವನಿ ಬಳಸಿ ಕೃತಕ ಬುದ್ಧಿಮತ್ತೆಯಿಂದ ಮಾಡಿದ ನಕಲಿ ವಿಡಿಯೋ, ಗುರುಗಳ ಫೋಟೋ ಹಾಕಿಕೊಂಡು ತುರ್ತು ಹಣ ಕೇಳುವ ನಂಬರು, ಇವುಗಳಿಗೆ ಮೋಸ ಹೋಗುವವರಲ್ಲಿ ಮಕ್ಕಳಿಗಿಂತ ದೊಡ್ಡವರೇ ಹೆಚ್ಚು. ಇದರಲ್ಲಿ ಮಕ್ಕಳಿಂದ ಕಲಿಯಲು ಹಿಂಜರಿಯಬೇಡಿ.

ಫೋಟೋಗಳ ವಿಷಯವೂ ಹಾಗೆಯೇ. ಮೊದಲ ಪರಮಪ್ರಸಾದದ ಬಿಳಿ ಬಟ್ಟೆಯ ಮಗಳ ಫೋಟೋ, ಜೊತೆಗೆ ಹೆಸರು, ಶಾಲೆ, ಚರ್ಚು, ಹುಟ್ಟಿದ ದಿನ, ಎಲ್ಲವನ್ನೂ ಊರಿಗೆಲ್ಲ ಕಾಣುವಂತೆ ಹಾಕುವವರು ಹೆತ್ತವರೇ. ಒಂದು ಸ್ಪಷ್ಟವಾದ ಮುಖವಿದ್ದರೆ ಸಾಕು, ನಕಲಿ ನಗ್ನ ಚಿತ್ರ ಮಾಡುವ ಆ್ಯಪುಗಳಿವೆ. ನೆಂಟರಿಗೆ ಕಳಿಸಿ, ಲೋಕಕ್ಕೆಲ್ಲ ಬೇಡ.

ಧರ್ಮೋಪದೇಶದ ಶಿಕ್ಷಕರು, ಸಂಡೆ ಸ್ಕೂಲ್ ಟೀಚರು, ಯುವಕೂಟದ ನಾಯಕರು ಮಕ್ಕಳ ವಾಟ್ಸಾಪ್ ಗ್ರೂಪ್ ಮಾಡುವಾಗ ಅದರಲ್ಲಿ ಇಬ್ಬರು ಪೋಷಕರಾದರೂ ಇರಲಿ. ದೊಡ್ಡವರೊಬ್ಬರು ಒಂದು ಮಗುವಿಗೆ ಪ್ರತ್ಯೇಕವಾಗಿ, ರಾತ್ರಿ ಹೊತ್ತು, ಅಳಿಸಿಹೋಗುವ ಮೆಸೇಜುಗಳಲ್ಲಿ ಬರೆಯುವಂತಿಲ್ಲ. ಅವರು ಎಷ್ಟೇ ಗೌರವದ ಸ್ಥಾನದಲ್ಲಿರಲಿ, ಗುರುಗಳಾಗಲಿ, ಪಾಸ್ಟರ್ ಆಗಲಿ, ಈ ನಿಯಮ ಒಂದೇ. ಮಕ್ಕಳಿಗೂ ಇದನ್ನು ಬಿಡಿಸಿ ಹೇಳಿ.

ಬೆದರಿಕೆ ಬಂದೇಬಿಟ್ಟರೆ

ಆನ್‌ಲೈನಿನಲ್ಲಿ ಹೆದರಿಸಿ ದುಡ್ಡು ಕೀಳುವ ಮೋಸ ನಡೆಯುವ ಬಗೆ ಹೆಚ್ಚುಕಡಿಮೆ ಒಂದೇ. ಚೆಂದದ ಹುಡುಗಿಯ ಫೋಟೋ ಇರುವ ಖಾತೆಯಿಂದ ಫಾಲೋ ರಿಕ್ವೆಸ್ಟ್ ಬರುತ್ತದೆ. ಎರಡು ದಿನ ಸವಿಮಾತು. ನಂಬರು ಕೇಳಿ ವಾಟ್ಸಾಪ್‌ಗೆ ಬರುತ್ತಾರೆ, ವಿಡಿಯೋ ಕರೆ ಮಾಡುತ್ತಾರೆ, ಆ ಕಡೆ ಮೊದಲೇ ರೆಕಾರ್ಡ್ ಮಾಡಿದ ವಿಡಿಯೋ ಓಡುತ್ತಿರುತ್ತದೆ. ಹುಡುಗ ಬಟ್ಟೆ ತೆಗೆದರೆ ಅಥವಾ ಫೋಟೋ ಕಳಿಸಿದರೆ ಮುಗಿಯಿತು. ಐದೇ ನಿಮಿಷಕ್ಕೆ ಅವನ ಫಾಲೋವರ್‌ಗಳ ಪಟ್ಟಿ ಕಳಿಸಿ, "ಇವರಿಗೆಲ್ಲ ಹೋಗುತ್ತದೆ, ದುಡ್ಡು ಹಾಕು" ಎನ್ನುತ್ತಾರೆ. ಹುಡುಗಿಯರಿಗೆ ಬಂದಾಗ ಹಣದ ಬದಲು ಇನ್ನಷ್ಟು ಫೋಟೋ ಕೇಳುವುದುಂಟು. ಕೇಳುವವನು ಗುರುತಿನವನೇ ಆಗಿರುವುದೂ ಉಂಟು.

ಮಗು ಬಂದು ಹೇಳಿತು ಎಂದಿಟ್ಟುಕೊಳ್ಳಿ. "ನಿನ್ನ ಜೊತೆ ನಾನಿದ್ದೇನೆ, ಹೇಳಿದ್ದು ಒಳ್ಳೆಯದಾಯಿತು" ಎಂದು ಮೊದಲು ಹೇಳಿ. ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ಜೀವ ಕಳೆದುಕೊಳ್ಳುವ ಯೋಚನೆ ಬರುವುದು ಅಂಥ ಹೊತ್ತಿನಲ್ಲೇ.

ಹಣ ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಗಾಬರಿಯಿಂದ ಚಾಟ್ ಅಳಿಸಬೇಡಿ. ಆ ಖಾತೆಯ ಹೆಸರು, ಪ್ರೊಫೈಲ್ ಲಿಂಕ್, ಫೋನ್ ನಂಬರು, ಹಣ ಕೇಳಿದ ಯುಪಿಐ ಐಡಿ, ದಿನಾಂಕ ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಆಮೇಲೆ ಬ್ಲಾಕ್ ಮಾಡಿ. ಇಲ್ಲೊಂದು ಎಚ್ಚರಿಕೆ: ಮಗುವಿನ ಆ ಫೋಟೋವನ್ನು ಸಾಕ್ಷಿಗೆಂದು ಮಾವನಿಗೋ ಚಿಕ್ಕಪ್ಪನಿಗೋ ಗುರುಗಳಿಗೋ ಕಳಿಸಬೇಡಿ. 18 ತುಂಬದವರ ಅಶ್ಲೀಲ ಚಿತ್ರ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಅದು ಆ ಫೋನಿನಲ್ಲೇ ಇರಲಿ, ತನಿಖೆ ಮಾಡುವವರು ನೋಡಿಕೊಳ್ಳುತ್ತಾರೆ.

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ; ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಭಾಗವೇ ಬೇರೆ ಇದೆ. ಶಿವಮೊಗ್ಗದಲ್ಲಿ ಸೈಬರ್ ಅಪರಾಧಗಳನ್ನೂ ನೋಡಿಕೊಳ್ಳುವ ಸಿ.ಇ.ಎನ್. ಪೊಲೀಸ್ ಠಾಣೆಯಿದೆ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಸಿಗುತ್ತದೆ. ಚಿತ್ರ ಹರಡುವ ಭಯವಿದ್ದರೆ ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು ನಡೆಸುವ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ, ಅದನ್ನು ಹಿಡಿದು ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಜಾಲತಾಣಗಳು ತಮ್ಮಲ್ಲಿ ಆ ಚಿತ್ರವನ್ನು ತಡೆಯುತ್ತವೆ.

ಠಾಣೆ ಎಂದರೆ ಹೆದರುವ ಪೋಷಕರಿಗೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧ ಇರುವ ಪೋಕ್ಸೊ ಕಾಯ್ದೆಯ ಕೆಲವು ಅಂಶಗಳು ಗೊತ್ತಿರಬೇಕು. 2012ರ ಈ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ, ಅದು ಬಯಸಿದ ಜಾಗದಲ್ಲೋ ಪಡೆಯಬೇಕು. ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು. ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಮಗುವಿನ ಹೆಸರು, ಫೋಟೋ, ಶಾಲೆಯ ವಿವರವನ್ನು ಮಾಧ್ಯಮಗಳು ಪ್ರಕಟಿಸುವಂತಿಲ್ಲ. ಇನ್ನೊಂದು ಕಡೆ, ಇಂಥ ಅಪರಾಧ ಗೊತ್ತಿದ್ದೂ ತಿಳಿಸದೆ ಇರುವುದು ಅದೇ ಕಾಯ್ದೆಯಡಿ ತಪ್ಪು. "ಚರ್ಚಿನ ಮಟ್ಟದಲ್ಲೇ ಮುಗಿಸೋಣ" ಎಂದು ಹಿರಿಯರು ಹೇಳಿದರೂ ಒಪ್ಪಬೇಡಿ. ಗುರುಗಳು ಪ್ರಾರ್ಥಿಸಲಿ, ಮಗುವಿನ ಜೊತೆ ಮಾತಾಡಲಿ, ದೂರು ಕೊಡಲು ಜೊತೆಗೂ ಬರಲಿ. ದೂರಿನ ಬದಲಿಗೆ ಬೇಡ.

ಆಮೇಲೂ ಕೆಲವು ವಾರ ನಿದ್ದೆ, ಊಟ, ಶಾಲೆಯ ಮೇಲೆ ಕಣ್ಣಿಡಿ. ಮಗು ಮಂಕಾಗಿದ್ದರೆ ಮನೋವೈದ್ಯರ ಹತ್ತಿರ ಹೋಗಲು ಸಂಕೋಚ ಬೇಡ. ಮನೋವೈದ್ಯರಾಗಿದ್ದ ದಿವಂಗತ ಡಾ. ಕೆ.ಎ. ಅಶೋಕ ಪೈ ಅವರು ಬರಹ, ಸಿನಿಮಾಗಳ ಮೂಲಕವೂ ಮನಸ್ಸಿನ ಕಾಯಿಲೆಗಳ ಬಗ್ಗೆ ಜನರ ಅಳುಕು ಕಳೆಯಲು ದುಡಿದ ಊರು ಶಿವಮೊಗ್ಗ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಫೋನಿನ ಗೀಳೇ ಕಾಯಿಲೆಯಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಶಟ್ ಎಂಬ ಕ್ಲಿನಿಕ್ ಇದೆ.

ಮತ್ತೆ ಫೋನು ಕೊಡುವಾಗ ಹಳೆಯ ಖಾತೆಯ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ವೆರಿಫಿಕೇಶನ್ ಹಾಕಿ, ಫಾಲೋವರ್‌ಗಳ ಪಟ್ಟಿಯನ್ನು ಮಗುವಿನ ಜೊತೆ ಕೂತು ನೋಡಿ. ಮುಖಾಮುಖಿ ಗುರುತಿಲ್ಲದವರನ್ನೆಲ್ಲ ತೆಗೆದುಹಾಕಿ. ಅದೇ ವ್ಯಕ್ತಿ ಹೊಸ ಹೆಸರಿನಲ್ಲಿ ಮತ್ತೆ ಬರಬಹುದು. ಬಂದರೆ ಉತ್ತರಿಸದೆ ಸ್ಕ್ರೀನ್‌ಶಾಟ್ ತೆಗೆದು, ದೂರಿನ ಸಂಖ್ಯೆಯ ಜೊತೆ ಅದನ್ನೂ ಠಾಣೆಗೆ ಕೊಡಿ.